ಒಂದು ಮುಷ್ಟಿ ಮೆಲುಕು

ಬೆಳಗಿನ ಐದೂವರೆ. ಹಾಲು ಮಾರುವ ಹೆಂಗಸೊಬ್ಬರ ಕೊಟ್ಟಿಗೆಯಲ್ಲಿ, ಬೋರಲು ಹಾಕಿದ ಬಕೆಟಿನ ಮೇಲೆ ಐವತ್ತೇಳರ ಇನ್ನೊಬ್ಬ ಹೆಂಗಸು ಕೂತಿದ್ದಾರೆ. ಎದುರಿಗೆ ಮಲಗಿರುವ ಕಂದು ಹಸುವಿನ ಕತ್ತನ್ನೇ ನೋಡುತ್ತಿದ್ದಾರೆ. ಮಾತಾಡಬೇಡಿ ಎಂದು, ಅವರ ಕೆಲಸ ನೋಡಲು ಜೊತೆಗೆ ಬಂದಿರುವ ನನಗೆ ಆಗಲೇ ಎರಡು ಸಲ ಹೇಳಿಯಾಗಿದೆ. ಹಸುವಿನ ಕತ್ತಿನ ಚರ್ಮದಡಿ ಒಂದು ಗಂಟು ಕೆಳಗಿನಿಂದ ಮೇಲಕ್ಕೆ ಸರ್ರನೆ ಓಡುತ್ತದೆ. ಅಷ್ಟರಲ್ಲಿ ಅವರ ಎಡಗೈ ದವಡೆ ಹಿಡಿದು, ಬಲಗೈ ಬಾಯಿಯ ಬದಿಯಿಂದ ಒಳಹೊಕ್ಕು, ಮೆಲುಕಿನ ಹಸಿರು ಉಂಡೆಯೊಂದನ್ನು ಎಳೆದುಕೊಂಡು ಬಂದಿದೆ. ಉಂಡೆ ಬೆಚ್ಚಗಿನ ಫ್ಲಾಸ್ಕಿಗೆ ಬೀಳುತ್ತದೆ. ಹಸು ಬರೀ ಬಾಯಿ ಆಡಿಸಿ, ಮೋಸಹೋದದ್ದು ಗೊತ್ತಾಗಿ, ಮುಖ ತಿರುಗಿಸುತ್ತದೆ.

"ಆರನೇದು," ಎನ್ನುತ್ತಾರೆ ಅವರು. "ಇನ್ನೆರಡು ಸಿಕ್ಕಿದ್ರೆ ಹೊರಡೋಣ. ಸೊಂಟ ಬಿದ್ದೋಯ್ತು."

ಪಶು ಆಸ್ಪತ್ರೆಯ ಈ ಅಟೆಂಡರನ್ನು ಎಲ್ಲರೂ ಕರೆಯುವುದು ಫ್ಲಾಸ್ಕ್ ಅಕ್ಕ ಎಂದು. ಬಲಗೈಯ ತೋರುಬೆರಳಿಗೆ ಬಟ್ಟೆ ಸುತ್ತಿದೆ. ಮೊನ್ನೆ ಒಂದು ಉಂಡೆಗೆ ಕೈ ಹಾಕುವಷ್ಟರಲ್ಲಿ ಹಸುವಿನ ದವಡೆ ಮುಚ್ಚಿಕೊಂಡು ಉಗುರು ಹಾರಿಹೋಯಿತು. ತಪ್ಪು ತನ್ನದೇ, ಊಟದ ಮಧ್ಯೆ ಕೈ ಹಾಕಿದರೆ ಯಾರು ತಾನೇ ಸುಮ್ಮನಿರುತ್ತಾರೆ ಎಂದು ಹಸುವಿನ ಪರವಾಗಿ ವಾದಿಸುತ್ತಾರೆ.

ಈ ಕಳ್ಳತನವೆಲ್ಲ ಕಿಟಕಿಗಾಗಿ. ಕಿಟಕಿ ಎಂದರೆ ಆಸ್ಪತ್ರೆಯ ಹಿಂದಿನ ಶೆಡ್ಡಿನಲ್ಲಿರುವ ಹದಿನಾಲ್ಕು ವರ್ಷದ ಹಸು. ಅದರ ಎಡಪಕ್ಕೆಯಲ್ಲಿ ಆಪರೇಷನ್ ಮಾಡಿ ಅಂಗೈಯಗಲದ ಒಂದು ತೂತು ಬಿಟ್ಟು, ರಬ್ಬರಿನ ಮುಚ್ಚಳ ಹಾಕಿದ್ದಾರೆ. ಮುಚ್ಚಳ ತೆಗೆದರೆ ನೇರ ಹೊಟ್ಟೆಯೊಳಕ್ಕೇ ಕೈ ಹೋಗುತ್ತದೆ. ಒಂಬತ್ತು ವರ್ಷದಿಂದ ಫ್ಲಾಸ್ಕ್ ಅಕ್ಕ ದಿನವೂ ಬೆಳಿಗ್ಗೆ ಮೊಣಕೈವರೆಗೆ ಕೈಯಿಳಿಸಿ, ನೆನೆದ ಮೇವು ತೆಗೆದು, ಬಟ್ಟೆಯಲ್ಲಿ ಹಿಂಡಿ, ನಾಲ್ಕು ಲೀಟರ್ ಹಸಿರು ರಸ ಫ್ಲಾಸ್ಕಿಗೆ ತುಂಬುತ್ತಿದ್ದರು. ಮೇವು ಬಿಟ್ಟು ಮಲಗಿದ ಹಸುಗಳಿಗೆ ಅದನ್ನು ಆರುವ ಮೊದಲೇ ಕುಡಿಸಬೇಕು. ಆ ರಸದಲ್ಲಿ ಔಷಧಿಯೇನೂ ಇಲ್ಲ, ಇರುವುದು ಜೀವ. ಹುಲ್ಲನ್ನು ಅರಗಿಸುವುದು ಹಸು ಒಂದರ ಕೈಯಲ್ಲಿ ಆಗುವ ಕೆಲಸವಲ್ಲ. ಹೊಟ್ಟೆಯಲ್ಲಿ ಮನೆಮಾಡಿಕೊಂಡಿರುವ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳು ಅದನ್ನು ಹುಳಿಸಿ, ಕರಗಿಸಿ ಕೊಟ್ಟರೆ ಮಾತ್ರ ಅದಕ್ಕೆ ಊಟ. ಅವು ಸತ್ತರೆ ಮೇವಿನ ರಾಶಿಯ ಮುಂದೆಯೇ ಹಸು ಉಪವಾಸ.

"ನಮ್ಮ ಹೊಟ್ಟೇಲೂ ಹಂಗೇ ಇರ್ತಾವಂತೆ. ಮಗಳು ನರ್ಸು, ಅವಳೇ ಹೇಳ್ತಾಳೆ," ಎನ್ನುತ್ತಾರೆ ಅಕ್ಕ. "ಆದ್ರೂ ನಾನು ಮನೆಗೆ ಹೋದ್ರೆ ಬಾಗಿಲಲ್ಲೇ ಸೋಪು ಹಿಡ್ಕೊಂಡು ನಿಂತಿರ್ತಾಳೆ."

ಮೂರು ವಾರದ ಹಿಂದೆ ಕಿಟಕಿ ಕುಂಟತೊಡಗಿತು. ಗೊರಸಿನೊಳಗೆ ಕೀವು. ನೋವಿಗೆ ಮೇವು ಅರ್ಧಕ್ಕೆ ಬಿಡುತ್ತಿದ್ದರೂ ನಾಲ್ಕು ಲೀಟರ್ ತೆಗೆಯುವುದು ಮಾತ್ರ ನಿಲ್ಲಲಿಲ್ಲ. ಕಾಯುವವರ ಸಾಲು ಹಾಗಿತ್ತು. ಕೊನೆಗೆ ಹನ್ನೆರಡು ದಿನ ಆ್ಯಂಟಿಬಯೋಟಿಕ್ ಇಂಜೆಕ್ಷನ್. ಗೊರಸು ವಾಸಿಯಾಯಿತು, ಆದರೆ ಹೊಟ್ಟೆಯೊಳಗಿನ ಸಂಸಾರ ಉಪವಾಸಕ್ಕೂ ಮದ್ದಿಗೂ ಸಿಕ್ಕಿ ನೆಲಕಚ್ಚಿತು. ಈಗ ಕಿಟಕಿ ಮೇವು ಮೂಸಿಯೂ ನೋಡುವುದಿಲ್ಲ.

"ಕೊಡೋಳಲ್ವಾ ಅಂತ ಕೇಳ್ತಾನೇ ಇದ್ವಿ. ಅರ್ಧ ಮೇವು ಹಂಗೇ ಬಿದ್ದಿರ್ತಿತ್ತು, ಗುಡಿಸೋಳು ನಾನೇ. ನೋಡಿದ್ದೆ," ಎನ್ನುತ್ತಾರೆ. ಈ ಮಾತು ಹೇಳುವಾಗ ನನ್ನ ಕಡೆ ನೋಡುವುದಿಲ್ಲ.

ಭಾನುವಾರದವರೆಗೆ ನೋಡೋಣ, ಆಮೇಲೆ ಅದನ್ನು ನರಳಿಸುವುದು ಬೇಡ ಎಂದಿದ್ದಾರೆ ಪಶುವೈದ್ಯೆ. ಸುತ್ತಮುತ್ತ ಇಂಥ ಇನ್ನೊಂದು ಹಸು ಇಲ್ಲ. ಹಾಗಾಗಿ ಅಕ್ಕ, ಹಿಂದೆ ಕಿಟಕಿಯ ರಸ ಕುಡಿದು ಎದ್ದ ಹಸುಗಳ ಮನೆಗೇ ಹೊರಟರು. ಗಂಟಲಿಗೆ ಕೊಳವೆ ಇಳಿಸಿ ರಸ ತೆಗೆಯಲು ಒಬ್ಬರೂ ಒಪ್ಪಲಿಲ್ಲ, ಹಾಲು ಕಮ್ಮಿಯಾದರೆ ಎಂಬ ಹೆದರಿಕೆ. ಏಳು ಮನೆಯಲ್ಲಿ ಐದು ಮನೆಯವರು ಮೆಲುಕಿನ ಉಂಡೆಯನ್ನೂ ಕೊಡುವುದಿಲ್ಲ ಎಂದುಬಿಟ್ಟರು. ಹಸುವಿಗೆ ಹುಷಾರಿಲ್ಲದಾಗ ಇವರ ಕೈಕಾಲು ಹಿಡಿದಿದ್ದವರೇ. ನನಗಂತೂ ಕೇಳಿಯೇ ಸಿಟ್ಟು ಬಂತು, ಅಕ್ಕನಿಗೆ ಅದಕ್ಕೂ ಪುರುಸೊತ್ತಿಲ್ಲ.

ಹಾಲಿನ ಹೆಂಗಸು ಒಪ್ಪಿದವರಲ್ಲಿ ಒಬ್ಬರು. "ಅವತ್ತು ಇದು ಕಾಲು ಚಾಚಿ ಬಿದ್ದಿತ್ತು. ನಾನು ಕೈ ಬಿಟ್ಟಿದ್ದೆ," ಎಂದು ಕಂದು ಹಸುವಿನ ಬೆನ್ನು ತಟ್ಟುತ್ತಾರೆ. "ತಗೊಳ್ಳಲಿ ಬಿಡಿ. ಅವರು ಹಾಕಿದ್ದೇ ತಾನೇ."

ಎಂಟು ಉಂಡೆ ಆಗುತ್ತಲೇ ಫ್ಲಾಸ್ಕನ್ನು ಶಾಲಿನಲ್ಲಿ ಸುತ್ತಿಕೊಂಡು ಅಕ್ಕ ಬಸ್ ಹತ್ತುತ್ತಾರೆ. ಪಕ್ಕದ ಸೀಟಿನವರು ಮೂಗು ಮುಚ್ಚಿ ಎದ್ದುಹೋಗುತ್ತಾರೆ. ಒಳ್ಳೆಯದೇ ಆಯಿತೆಂದು ಅಕ್ಕ ಕಾಲು ಚಾಚಿ ಕೂರುತ್ತಾರೆ. ಶೆಡ್ಡಿನಲ್ಲಿ ಮುಚ್ಚಳ ತೆಗೆದು, ಉಂಡೆಗಳನ್ನು ಬಿಸಿನೀರಿನಲ್ಲಿ ಕದಡಿ ಕಿಟಕಿಯ ಹೊಟ್ಟೆಗೆ ಸುರಿಯುತ್ತಾರೆ. ಎಡಪಕ್ಕೆಗೆ ಕಿವಿಯಿಟ್ಟು ಎರಡು ನಿಮಿಷ ಕೇಳುತ್ತಾರೆ. ಆರೋಗ್ಯದ ಹೊಟ್ಟೆಯಾದರೆ ಅಷ್ಟರಲ್ಲಿ ಎರಡು ಮೂರು ಸಲ ಗುಡುಗಬೇಕು.

"ಏನೂ ಇಲ್ಲ," ಎನ್ನುತ್ತಾರೆ. ಇವತ್ತು ಶುಕ್ರವಾರ, ಉಂಡೆ ಸುರಿಯತೊಡಗಿ ಐದನೇ ದಿನ.

ಶನಿವಾರ ನಾನು ಹೋಗುವಷ್ಟರಲ್ಲಿ ಅಕ್ಕ ಆಗಲೇ ಎಂಟು ಉಂಡೆ ತಂದು ಸುರಿದು, ಕಿಟಕಿಯ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಾರೆ. ಕಣ್ಣು ಕೆಂಪಗಿದೆ. ಮುಂದಿಟ್ಟ ಹುಲ್ಲಿನಲ್ಲಿ ಒಂದು ಹಿಡಿಯಷ್ಟು ಕಮ್ಮಿಯಾಗಿದೆ, ಇಲಿ ಎಳೆದಿರಬಹುದು ಎನ್ನುತ್ತಾರೆ. ನಾನೂ ಪಕ್ಕದಲ್ಲಿ ಕೂರುತ್ತೇನೆ. ಆಮೇಲೆ ಕಿಟಕಿಯ ಕತ್ತಿನಲ್ಲಿ ಒಂದು ಗಂಟು ಕೆಳಗಿನಿಂದ ಮೇಲಕ್ಕೆ ಓಡುತ್ತದೆ.

ಅಭ್ಯಾಸಬಲದಿಂದ ಅಕ್ಕನ ಬಲಗೈ ಎದ್ದೇಬಿಡುತ್ತದೆ. ಅರ್ಧದಲ್ಲೇ ಎಳೆದುಕೊಂಡು, ಸೆರಗಿನಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಳ್ಳುತ್ತಾರೆ. ಕಿಟಕಿ ನಿಧಾನಕ್ಕೆ ಮೆಲ್ಲುತ್ತದೆ. ಅಕ್ಕ ಅಳುತ್ತಿದ್ದಾರೆ, ಮರೆಮಾಚುವುದಕ್ಕೂ ಅವರಲ್ಲಿ ತ್ರಾಣವಿಲ್ಲ.

ಅಷ್ಟರಲ್ಲಿ ಗೇಟಿನ ಹತ್ತಿರ ಒಬ್ಬರು ಬಂದು ನಿಂತಿದ್ದಾರೆ. ಅವರ ಹಸು ನಾಲ್ಕು ದಿನದಿಂದ ಮೇವು ಮುಟ್ಟಿಲ್ಲ, ಕಿಟಕಿ ಮೆಲುಕು ಹಾಕುತ್ತಿದೆಯಲ್ಲ, ಒಂದು ಲೀಟರಾದರೂ ಸಿಗುತ್ತದಾ ಎಂದು ಕೇಳುತ್ತಾರೆ. ಅಕ್ಕ ಗೋಡೆ ಹಿಡಿದು ಏಳುತ್ತಾರೆ, ಫ್ಲಾಸ್ಕನ್ನು ಬಿಸಿನೀರಿನಲ್ಲಿ ಗಲಬರಿಸಿಕೊಳ್ಳುತ್ತಾರೆ.

"ನಡೀರಿ, ಹಾಲಿನವರ ಮನೆಗೆ ಹೋಗಿ ಕೂರೋಣ," ಎನ್ನುತ್ತಾರೆ. "ಇವಳನ್ನ ಒಂದು ತಿಂಗಳು ಯಾರೂ ಏನೂ ಕೇಳಬೇಡಿ. ತಿಂದಿದ್ದು ಅವಳಿಗೇ ಇರಲಿ."