ಭೀಮರಾಜನ ಅರ್ಧ ಸೆಕೆಂಡು

ಜಾವಗಲ್ ಬಸ್ ನಿಲ್ದಾಣದ ಎದುರು, ಮನೆಯ ಮುಂಭಾಗದಲ್ಲೇ ಇದ್ದ ಫೋಟೊ ಸ್ಟುಡಿಯೊದಲ್ಲಿ ಗೋಡೆ ಗಡಿಯಾರ ಐದು ನಿಮಿಷ ಮುಂದೆ ಓಡುತ್ತಿತ್ತು. ಹಾಗೆ ಇಟ್ಟವನು ಭೀಮರಾಜನ ಅಪ್ಪ ಹುಚ್ಚಣ್ಣ. ಯಾವುದೋ ಮದುವೆಯ ಫೋಟೊ ತೆಗೆಯಲು ಹೋಗಿ, ತಾಳಿ ಕಟ್ಟಿ ಆದ ಮೇಲೆ ಮಂಟಪ ತಲುಪಿ, ಗಂಡಿನ ಕಡೆಯವರಿಂದ ಬಾಯಿಗೆ ಬಂದಂತೆ ಅನ್ನಿಸಿಕೊಂಡು ಬಂದವನು ಅಂದೇ ಮುಳ್ಳು ತಿರುಗಿಸಿದ. ತಮ್ಮ ಮನೆಯ ಮದುವೆಗೆ ಬುದ್ಧನ ಪಟವೊಂದಿದ್ದರೆ ಸಾಕು, ಮುಹೂರ್ತ ಬೇಡ. ಆದರೆ ಊರವರ ಮುಹೂರ್ತವೇ ಅವರಿಗೆ ಅನ್ನ. ಹುಚ್ಚಣ್ಣ ಹೋಗಿ ಹನ್ನೊಂದು ವರ್ಷವಾದರೂ ಆ ಮುಳ್ಳನ್ನು ಯಾರೂ ಮುಟ್ಟಿರಲಿಲ್ಲ. ಗಡಿಯಾರ ನೋಡಿದವರು ಮನಸ್ಸಿನಲ್ಲೇ ಐದು ಕಳೆಯುತ್ತಿದ್ದರು.

ಭೀಮರಾಜನ ಹಠವೇ ಬೇರೆ. ಮನುಷ್ಯರನ್ನು ಹೊತ್ತು ಭೂಮಿ ಸುತ್ತುವ ಬಾಹ್ಯಾಕಾಶ ನಿಲ್ದಾಣ ಸೂರ್ಯನ ಮುಂದೆ ಹಾಯುವುದನ್ನು ಅವನು ತೆಗೆಯಬೇಕಿತ್ತು. ಹಾಯುವುದು ಬರೀ ಅರ್ಧ ಸೆಕೆಂಡು. ಅದೂ ಕಾಣುವುದು ನಾಲ್ಕಾರು ಮೈಲಿ ಅಗಲದ ಪಟ್ಟಿಯೊಳಗೆ ನಿಂತವರಿಗೆ ಮಾತ್ರ. ಅವ್ವ ದ್ಯಾವಮ್ಮ ಈ ಕಥೆ ಕೇಳಿ ಕೇಳಿ ಬೇಸತ್ತು, ಒಂದು ಸಲ ತೋರಿಸಿ ಆಮೇಲೆ ಮಾತಾಡು ಅಂದಿದ್ದಳು.

ಮೊದಲ ಅವಕಾಶ ಗೆಂಡೆಹಳ್ಳಿ ಬಯಲಿನಲ್ಲಿ, ಹಾಡಹಗಲು. ಲೆನ್ಸಿಗೆ ಸೂರ್ಯನ ಫಿಲ್ಟರ್ ಹಾಕಿ ಒಂದು ಗಂಟೆ ಮೊದಲೇ ನಿಂತ. ಬಿಸಿಲಿಗೆ ಕಾದ ಫೋನು ಹೊತ್ತಿಗೆ ಸರಿಯಾಗಿ ಕೈಕೊಟ್ಟಿತು. ಪರವಾಗಿಲ್ಲ, ಕೈಗಡಿಯಾರವಿತ್ತು. ಯಾವತ್ತಿನಂತೆ ಸ್ಟುಡಿಯೊ ಗಡಿಯಾರ ನೋಡಿ ಇಟ್ಟಿದ್ದು. ಐದು ಕಳೆದ, ಗುಂಡಿ ಒತ್ತಿದ, ನೂರು ಚಿತ್ರ ತೆಗೆದ. ನೂರರಲ್ಲೂ ಬರೀ ಸೂರ್ಯ.

ಮನೆಗೆ ಬಂದು ಫೋನಿಗೆ ಹೋಲಿಸಿ ನೋಡಿದರೆ ಗೋಡೆ ಗಡಿಯಾರ ಮುಂದಿದ್ದುದು ನಾಲ್ಕೇ ನಿಮಿಷ. ಅವನು ಒಂದು ನಿಮಿಷ ತಡವಾಗಿ ಒತ್ತಿದ್ದ. ಇಷ್ಟು ವರ್ಷವೂ ಗಡಿಯಾರ ನಿಲ್ಲುವ ಮೊದಲೇ ಸೆಲ್ ಬದಲಾಯಿಸುತ್ತಿದ್ದವಳು ಅವ್ವ. ಪ್ರತಿ ಸಲವೂ ಹಳೆಯದು ತೆಗೆದು ಹೊಸದು ಹಾಕುವಷ್ಟು ಸೆಕೆಂಡು ಗಡಿಯಾರ ಹಿಂದೆ ಬೀಳುತ್ತಿತ್ತು. ಅವಳು ಮುಳ್ಳು ಸರಿಸುತ್ತಿರಲಿಲ್ಲ.

"ನಿಮ್ಮಪ್ಪ ಮುಟ್ಟಿದ ಮುಳ್ಳು ಕಣ್ಲಾ ಅದು," ಅಂದಳು ದ್ಯಾವಮ್ಮ. "ನಾನ್ ಹೆಂಗ್ ಮುಟ್ಲಿ?"

ಭೀಮರಾಜನಿಗೆ ಸಿಟ್ಟು ಬಂದಿತ್ತು, ಆದರೂ ಅವನು ಗಡಿಯಾರದ ತಂಟೆಗೆ ಹೋಗಲಿಲ್ಲ. ಫೋನಿಗೆ ಒದ್ದೆ ಬಟ್ಟೆ ಸುತ್ತುವುದನ್ನು ಕಲಿತ, ಮದುವೆಗಳ ನಡುವೆ ಪಟ್ಟಿಯ ಲೆಕ್ಕ ಹಾಕುತ್ತಾ ಏಳು ತಿಂಗಳು ಕಾದ.

ಈ ಸಲ ಪಟ್ಟಿ ಹಳೇಬೀಡು ಕೆರೆ ಏರಿಯ ಮೇಲೆ ಹಾದಿತ್ತು. ಬೆಳಿಗ್ಗೆ ಅವನು ಬೈಕಿಗೆ ಬ್ಯಾಗ್ ಕಟ್ಟುವಾಗ ದ್ಯಾವಮ್ಮ ಒಳಗಿನಿಂದ ಕರೆದಳು. ಗಡಿಯಾರ ಇಳಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ನಿಮ್ಮಪ್ಪ ಒಂದು ತಾಳಿ ತಪ್ಪುಸ್ಕಂಡು ಮುಳ್ಳು ತಿರುಗ್ಸಿದ. ನೀನೂ ಒಂದು ತಪ್ಪುಸ್ಕಂಡಿದೀಯ. ತಿರುಗ್ಸು."

ಭೀಮರಾಜ ಫೋನು ನೋಡಿ ತಿರುಗಿಸಿದ. ಸೆಕೆಂಡಿಗೂ ಸರಿಯಾಗಿ ಇಟ್ಟು, ಅದಕ್ಕೇ ಕೈಗಡಿಯಾರ ಹೊಂದಿಸಿಕೊಂಡು ಹೊರಟ.

ಏರಿಯ ಮೇಲೆ ಸಿಕ್ಕಿದ್ದು ಮೂರೇ ಚಿತ್ರ. ಮೂರರಲ್ಲೂ ಸೂರ್ಯನ ಮೇಲೆ ರೆಕ್ಕೆ ಚಾಚಿದ ಒಂದು ಕರಿ ಚುಕ್ಕೆ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಭೀಮರಾಜ ಅತ್ತುಬಿಟ್ಟ.

ಈಗ ಅವನು ಮದುವೆಗಳಿಗೆ ಐದು ನಿಮಿಷ ಮೊದಲೇ ಮನೆ ಬಿಡುತ್ತಾನೆ. ಆ ಮೂರರಲ್ಲಿ ಒಂದು ಚಿತ್ರಕ್ಕೆ ಕಟ್ಟು ಹಾಕಿಸಿ ಗಡಿಯಾರದ ಕೆಳಗೆ ತೂಗುಹಾಕಿದ ದಿನ ದ್ಯಾವಮ್ಮ ಬಹಳ ಹೊತ್ತು ನೋಡಿದಳು.

"ಇದ್ರೊಳಗೆ ಜನ ಅವ್ರೆ ಅಂತೀಯ?"

"ಅವ್ರೆ ಕಣವ್ವ."

"ನಿಮ್ಮಪ್ಪ ಇದ್ದಿದ್ರೆ," ಅಂದಳು ಕಣ್ಣೊರೆಸಿಕೊಳ್ಳುತ್ತಾ, "ಅವ್ರಿಗೂ ಸ್ವಲ್ಪ ನಗೀ ಅಂತಿದ್ದ."