ನನ್ನ ಹಲ್ಲಿನ ಅಚ್ಚು

ಶ್ರುತಿ, ಆ ದಿನ ನೀನು ಸೋತದ್ದು ನನ್ನಿಂದ. ಕರಾಟೆಯ ರಾಜ್ಯ ತಂಡಕ್ಕೆ ಆಯ್ಕೆ ನಡೆಯುವ ಹಿಂದಿನ ದಿನ ಮಧ್ಯಾಹ್ನ ನಿನ್ನ ಮೌತ್‌ಗಾರ್ಡ್ ಕೆಡಿಸಿದವಳು ನಾನು — ನಿನ್ನ ತಾಯಿ.

ಹಲ್ಲಿಗೆ ಹಾಕುವ ಆ ಕವಚವನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ, ನಿನ್ನಿಂದ ಕಚ್ಚಿಸಿ, ನಿನ್ನ ಬಾಯಿಗೆ ಹೊಂದಿಸಿಕೊಟ್ಟಿದ್ದರು ನಿಮ್ಮ ಮಾಸ್ಟರ್. ಜಯನಗರದ ನಮ್ಮ ಮನೆಯ ಹಾಲ್‌ನಲ್ಲಿ ನೀನು ಅದನ್ನು ಹಾಕಿಕೊಂಡು ತೋರಿಸಿದೆ. "ಬಾಯಲ್ಲಿ ಕೋಡುಬಳೆ ಇಟ್ಕೊಂಡಿದ್ದೀಯೇನೇ?" ಎಂದು ಅಜ್ಜಿ ನಕ್ಕರು. ನನಗೆ ನಗು ಬರಲಿಲ್ಲ. ನೀನು ಕಚ್ಚಿದ ಕ್ಷಣ ಭುಜಗಳು ಸಡಿಲವಾದವು, ಕತ್ತು ನೆಟ್ಟಗಾಯಿತು, ಕೆಂಪು ನೆಲದ ಮೇಲೆ ಹೆಜ್ಜೆಗೆ ಸದ್ದೇ ಇಲ್ಲ. ನನ್ನ ಮಗಳ ಬಟ್ಟೆ ತೊಟ್ಟ ಬೇರೆ ಯಾರೋ — ನನ್ನನ್ನು ದಾಟಿ ಎಲ್ಲೋ ನೋಡುತ್ತಿದ್ದಳು.

ಆ ಮಧ್ಯಾಹ್ನ ನಾನು ಅದನ್ನು ತೊಳೆಯಲೆಂದೇ ಎತ್ತಿಕೊಂಡೆ. ಕಾಫಿಗಿಟ್ಟ ನೀರು ಮರಳುತ್ತಿತ್ತು. ಅದರಲ್ಲಿ ಹಾಕಿದರೆ ಏನಾಗುತ್ತದೆಂದು ಗೊತ್ತಿತ್ತು — ಗೊತ್ತಿದ್ದೇ ಹಾಕಿದೆ. ಮೆತ್ತಗಾದದ್ದನ್ನು ನಾನೇ ಕಚ್ಚಿದೆ. ನಿನ್ನ ಹಲ್ಲಿನ ಗುಳಿಗಳು ನನ್ನ ಹಲ್ಲಡಿ ಒಂದೊಂದಾಗಿ ಮುಚ್ಚಿಕೊಂಡವು. ನಿನ್ನ ಆ ನಿಲುವು ನನಗೂ ಬೇಕಿತ್ತೋ, ನಿನ್ನಿಂದ ಅದು ಹೋಗಲಿ ಅನ್ನಿಸಿತ್ತೋ... ಕನ್ನಡಿಯಲ್ಲಿ ಕಂಡವಳು ಬರೀ ನಾನು. ಒರೆಸಿ ಡಬ್ಬಿಯಲ್ಲಿಟ್ಟೆ.

ಮರುದಿನ, ಕಣದ ಅಂಚಿನಲ್ಲಿ:

"ಅಮ್ಮಾ, ಯಾಕೋ ಸರಿಯಾಗಿ ಕೂರ್ತಿಲ್ಲ ಕಣಮ್ಮ."

"ಹೊಸದಲ್ವಾ, ಗಟ್ಟಿಯಾಗಿ ಕಚ್ಕೋ. ಅಭ್ಯಾಸ ಆಗತ್ತೆ."

ಆಗಲೇ ನಿನ್ನ ಹೆಸರು ಕೂಗಿದರು. ನೀನು ಕಚ್ಚಿದೆ. ಬಲಭುಜ ಮೆಲ್ಲಗೆ ಕುಸಿಯಿತು. ಕತ್ತು ಎಡಕ್ಕೆ ವಾಲಿತು. ಭಾರವೆಲ್ಲ ಒಂದೇ ಕಾಲಿಗೆ — ಒಲೆಯ ಮುಂದೆ ನಾನು ನಿಲ್ಲುವುದು ಹಾಗೆ. "ಶ್ರುತಿ, ತಲೆ ಎತ್ತು! ಏನಾಗಿದೆ ನಿಂಗೆ?" ಮಾಸ್ಟರ್ ಕೂಗುತ್ತಲೇ ಇದ್ದರು. ಎದುರಾಳಿಯ ಕಾಲು ದವಡೆಗೆ ಬರುವುದನ್ನು ನೀನು ನೋಡುತ್ತ ನಿಂತೆ, ನಾನಾಗಿದ್ದರೆ ನಿಲ್ಲುತ್ತಿದ್ದಂತೆಯೇ.

"ನಂಗೆ ಧೈರ್ಯ ಸಾಲ್ದು ಬಿಡಮ್ಮ," ಅಂದೆ ನೀನು, ಮನೆಗೆ ಬರುವ ದಾರಿಯಲ್ಲಿ. ನಾನು ತಲೆಯಾಡಿಸಿದೆ. ಸುಮ್ಮನಿರುವುದೂ ಸುಳ್ಳೇ ಎಂದು ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದರು... ನೀನು ಮತ್ತೆ ಕ್ಲಾಸಿಗೆ ಹೋಗಲಿಲ್ಲ.

ನೀನು ಕಸಕ್ಕೆಸೆದ ಅದನ್ನು ನಾನು ಎತ್ತಿಟ್ಟುಕೊಂಡೆ. ಮನೆಯಲ್ಲಿ ಯಾರೂ ಇಲ್ಲದಾಗ ಒಮ್ಮೊಮ್ಮೆ ಬಾಯಲ್ಲಿಟ್ಟುಕೊಳ್ಳುತ್ತೇನೆ — ಸರಿಯಾಗಿ ಕೂರುತ್ತದೆ.

ಇಷ್ಟು ವರ್ಷಗಳ ಮೇಲೆ, ಕಳೆದ ಭಾನುವಾರ ಜೆಪಿ ನಗರದ ನಿನ್ನ ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನೇ ಕಾಯುತ್ತ ನಿಂತಿದ್ದೆಯಲ್ಲ. ಬಲಭುಜ ಕುಸಿದಿತ್ತು, ಕತ್ತು ಎಡಕ್ಕೆ. ಬಾಯಲ್ಲಿ ಏನೂ ಇರಲಿಲ್ಲ.

ಧೈರ್ಯ ಸಾಲದೆ ಹೋದದ್ದು ನಿನಗಲ್ಲ, ಮಗಳೇ. ಈ ಭಾನುವಾರ ಡಬ್ಬಿ ತರುತ್ತೇನೆ. ನಿನ್ನೆದುರೇ ಕಚ್ಚಿ ತೋರಿಸುತ್ತೇನೆ. ಅದು ಯಾರ ಬಾಯಿಗೆ ಹೊಂದುತ್ತದೆಂದು ನೀನೇ ನೋಡು.