ವಿರಹಗೀತೆಯ ಉಪ್ಪಿಟ್ಟು

ಹಳೇ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನನ್ನ ಕೆಲಸ. ಒಮ್ಮೆ ವಿದ್ಯಾರಣ್ಯಪುರಂಗೆ, ತೀರಿಕೊಂಡ ಒಬ್ಬ ಹೆಸರಾಂತ ಸಂಗೀತ ನಿರ್ದೇಶಕರ ಮನೆಗೆ ಹೋಗಿದ್ದೆ. ಅವರೂ ಅವರ ಜೊತೆಗಾರರೂ ಸೇರಿ ಕಟ್ಟಿದ ವಿರಹಗೀತೆಗೆ ಊರೆಲ್ಲ ಅತ್ತಿತ್ತು. ಆಮೇಲೆ ಆ ಟ್ಯೂನ್ ನನ್ನದು, ನನ್ನದು ಅಂತ ಇಬ್ಬರೂ ಸಾಯುವವರೆಗೆ ಮಾತು ಬಿಟ್ಟಿದ್ದರು. ಅದರ ಡೆಮೊ ಇದ್ದ ಕ್ಯಾಸೆಟ್ಟಿಗಾಗಿ ಆಡಿಯೊ ಕಂಪನಿಯವರು ಬಾಯಿಬಿಟ್ಟುಕೊಂಡು ಕಾಯುತ್ತಿದ್ದರು.

“ಅದು ನನ್ನ ಮೇಲೇ ಕಟ್ಟಿದ್ದು ಕಣ್ರೀ,” ಅಂದರು ನಿರ್ದೇಶಕರ ಹೆಂಡತಿ, ಸ್ವಲ್ಪ ನಾಚಿಕೊಂಡು.

ಸಾಹಿತ್ಯ ಸಿದ್ಧವಾಗುವ ಮುಂಚೆ ಬಾಯಿಗೆ ಬಂದ ಮಾತು ತುಂಬಿಸಿ ಟ್ಯೂನ್ ಹಾಡಿಕೊಳ್ಳುವುದು ಈ ಕಸುಬಿನವರ ರೂಢಿ. ಕ್ಯಾಸೆಟ್ ಹಾಕಿದೆ. ಹಾರ್ಮೋನಿಯಂ ಜೊತೆಗೆ ಇಬ್ಬರ ಗದ್ಗದ ಕಂಠವೂ ಒಂದಾಗಿ ಕೇಳಿಸಿತು:

“ಇಂದೂ ಉಪ್ಪಿಟ್ಟೇ... ಗಂಟುಗಟ್ಟಿದ ಉಪ್ಪಿಟ್ಟೇ... ಹೇಗೆ ನುಂಗಲಿ ನಿನ್ನ...”

ಆಕೆ ಹೇಳಿದ್ದೇನೂ ಸುಳ್ಳಲ್ಲ.

ಪೂರ್ತಿ ಕೇಳಿದ ಮೇಲೆ ಆಕೆ ಅಂದರು: “ಇಬ್ರೂ ಎರಡೆರಡು ಸಲ ಹಾಕಿಸ್ಕೊಂಡು ತಿಂತಿದ್ರಲ್ರೀ!”

ನಾನು ಹೊರತೆಗೆದ ಕ್ಯಾಸೆಟ್ಟನ್ನು ಆಕೆ ಇಸಿದುಕೊಂಡರು.

“ಕ್ಯಾಸೆಟ್ಟಿಗೆ ಬೂಷ್ಟು ಹಿಡಿದೋಗಿದೆ ಅಂತ ಕಂಪನಿಯೋರಿಗೆ ಹೇಳ್ಬುಡಿ.”

ಹಾಗೇ ಹೇಳಿದೆ. ಟ್ಯೂನ್ ಯಾರದು ಅಂತ ಅಭಿಮಾನಿಗಳು ಇವತ್ತಿಗೂ ಫೇಸ್‌ಬುಕ್ಕಿನಲ್ಲಿ ಕಿತ್ತಾಡುತ್ತಾರೆ. ನನಗೆ ಅದು ಗೊತ್ತಿಲ್ಲ. ದುಃಖ ಮಾತ್ರ ಇಬ್ಬರದೂ ಅಪ್ಪಟ ಅಂತ ಆಣೆ ಮಾಡಿ ಹೇಳಬಲ್ಲೆ. ಯಾಕೆಂದರೆ ಆವತ್ತು ಹೊರಡುವ ಮುಂಚೆ ಆಕೆ ನನಗೂ ಒಂದು ತಟ್ಟೆ ತಂದಿಟ್ಟು, ಮುಖವನ್ನೇ ನೋಡುತ್ತಾ ಎದುರಿಗೆ ನಿಂತರು. ನಾನೂ ಎರಡನೇ ಸಲ ಹಾಕಿಸಿಕೊಂಡೆ.